ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬಳ್ಳಾರಿ ಧೂಳು, ಬಿಸಿಲು ಕಂಡ ಇಂಜಿನ್ ನೋಡಿ ತಗೊಳ್ಳುವ ಬಗೆ

ಬಳ್ಳಾರಿ, ಹೊಸಪೇಟೆ ಕಡೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಲು ಹೊರಟವರಿಗೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಇಂಜಿನ್ ತಣ್ಣಗಿರುವಾಗ ನೋಡಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಬಣ್ಣ, ಸೀಟು, ಅಲಾಯ್ ವೀಲ್ ಎಲ್ಲ ದುಡ್ಡು ಹಾಕಿದರೆ ವಾರದಲ್ಲಿ ಹೊಸದಾಗುತ್ತವೆ. ಇಂಜಿನ್ ಬಿಚ್ಚುವ ಪರಿಸ್ಥಿತಿ ಬಂದರೆ ಖರ್ಚು ಲಕ್ಷಗಳ ಲೆಕ್ಕಕ್ಕೆ ಹೋಗುತ್ತದೆ, ಸ್ಪೇರ್ ಪಾರ್ಟ್ ಬರುವ ತನಕ ಗಾಡಿ ಬೆಂಗಳೂರಿನ ಯಾವುದೋ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ.

ನಮ್ಮ ಕಡೆ ಈ ಕಾರುಗಳ ಹಿನ್ನೆಲೆಯೇ ಬೇರೆ. 2000ರ ದಶಕದ ಅದಿರಿನ ಕಾಲದಲ್ಲಿ ಬಳ್ಳಾರಿ, ಹೊಸಪೇಟೆ, ಸಂಡೂರಿಗೆ ದುಬಾರಿ ಗಾಡಿಗಳು ಬಂದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಕೆಲವು ಕೈ ಬದಲಾದವು, ಕೆಲವು ಶೆಡ್ಡಿನಲ್ಲೇ ಉಳಿದವು. ಹಾಗಾಗಿ ಇವತ್ತು ನಿಮ್ಮ ಮುಂದೆ ಬಂದು ನಿಲ್ಲುವ ಗಾಡಿ ಕೆಂಪು ಧೂಳಿನಲ್ಲಿ ಓಡಿದ್ದಿರಬಹುದು, ಇಲ್ಲವೇ ವರ್ಷಗಟ್ಟಲೆ ಕವರ್ ಹೊದ್ದು ನಿಂತಿದ್ದಿರಬಹುದು. ಎರಡೂ ಇಂಜಿನ್‌ಗೆ ಪೆಟ್ಟೇ, ಪೆಟ್ಟು ಬೀಳುವ ಜಾಗ ಮಾತ್ರ ಬೇರೆ. ಧೂಳು ಪಿಸ್ಟನ್ ರಿಂಗು (ಪಿಸ್ಟನ್ ಸುತ್ತ ಕೂತು ಸಂದು ಮುಚ್ಚುವ ಬಳೆ), ಸಿಲಿಂಡರ್ ಗೋಡೆ ಸವೆಸುತ್ತದೆ. ನಿಂತ ಗಾಡಿಯಲ್ಲಿ ಆಯಿಲ್ ಸೀಲುಗಳು ಒಣಗುತ್ತವೆ, ಹಳೆ ಪೆಟ್ರೋಲ್ ಗಟ್ಟಿಯಾಗಿ ಅದನ್ನು ಸಿಂಪಡಿಸುವ ಇಂಜೆಕ್ಟರ್‌ನಲ್ಲಿ ಕೂರುತ್ತದೆ, ಎಥೆನಾಲ್ ಇರುವ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ಇದೆ ಅಂತ ಸುಮ್ನೆ ಖುಷಿಪಡಬೇಡಿ.

ಮನೆಯಲ್ಲೇ ಕೂತು ಮಾಡುವ ಕೆಲಸ

ಗಾಡಿಯ ಹೆಸರು ಗೊತ್ತಿದ್ದರೆ ಸಾಲದು, ಅದರಲ್ಲಿರುವ ಇಂಜಿನ್ ಯಾವುದು ಅಂತ ತಿಳಿದುಕೊಳ್ಳಿ. ಪ್ರತಿ ಇಂಜಿನ್‌ಗೂ ಹುಟ್ಟಿನಿಂದ ಬಂದ ಒಂದೆರಡು ದೌರ್ಬಲ್ಯ ಇರುತ್ತವೆ, ಅವು ಊರಿಗೆಲ್ಲ ಗೊತ್ತಿರುವಂಥವೇ.

ಸ್ಕೋಡಾ ಲಾರಾ ಆರ್‌ಎಸ್‌ನ 1.8 ಟಿಎಸ್‌ಐ ಇಂಜಿನ್ ಆಯಿಲ್ ಕುಡಿಯುವುದಕ್ಕೆ, ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಬಿಗಿ ಹಿಡಿಯುವ ಟೆನ್ಷನರ್ ಕೈಕೊಡುವುದಕ್ಕೆ ಹೆಸರಾಗಿದೆ. ಬಿಎಂಡಬ್ಲ್ಯು 328ಐನಂಥ ಗಾಡಿಗಳಲ್ಲಿ ಬಂದ ಎನ್20 ಇಂಜಿನ್‌ನಲ್ಲಿ ಚೈನ್ ಹಿಡಿದಿರುವ ಪ್ಲಾಸ್ಟಿಕ್ ಗೈಡ್ ಮುರಿಯುತ್ತದೆ. 2007ರಿಂದ 2013ರವರೆಗಿನ ವಿ8 (ಎಂಟು ಸಿಲಿಂಡರ್) ಇಂಜಿನ್‌ನ ಬಿಎಂಡಬ್ಲ್ಯು ಎಂ3 ಆದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ಸರಳು) ಬೇರಿಂಗ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಆ ಖರ್ಚು ನಿಮ್ಮದೇ ಅಂತ ಹಿಡಿದು ಲೆಕ್ಕ ಹಾಕಿ. ಹಳೆಯ ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್, ಟರ್ಬೋ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಇಲ್ಲದ 911 ಇವುಗಳಲ್ಲಿ 2008ರ ಮಾಡೆಲ್ ತನಕ ಐಎಂಎಸ್ ಬೇರಿಂಗ್ (ಇಂಜಿನ್ ಒಳಗಿನ ನಡುವಿನ ಶಾಫ್ಟಿನ ಬೇರಿಂಗ್) ಮತ್ತು ಸಿಲಿಂಡರ್ ಗೋಡೆಯ ಗೀರು ಎರಡನ್ನೂ ನೋಡಲೇಬೇಕು. 2009ರ ಮಾಡೆಲ್‌ನಿಂದ ಬಂದ ಹೊಸ ಇಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಬಜೆಟ್ ಕಡಿಮೆ ಇದ್ದು ಅಬಾರ್ತ್ ಪುಂಟೋ ಕಡೆ ಕಣ್ಣಿದ್ದರೆ, ಅದರಲ್ಲಿರುವುದು ಟೈಮಿಂಗ್ ಬೆಲ್ಟ್. ಕೊನೆಗೆ ಯಾವಾಗ ಬದಲಿಸಿದ್ದು ಅಂತ ಕಾಗದ ಕೇಳಿ. ಬೆಲ್ಟ್‌ಗೆ ಕಿಲೋಮೀಟರ್ ಜೊತೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಓನರ್‌ಗೆ ಫೋನ್ ಮಾಡಿ. ಚೌಕಾಸಿ ಆಮೇಲಿರಲಿ. ಮೊದಲು ಇಷ್ಟು ಹೇಳಿ: "ಅಣ್ಣಾರ, ನಾವು ಮುಂಜಾನೆ ಬರ್ತೀವ್ರಿ, ನಾವು ಬರೋತನಕ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ." ಒಳ್ಳೆ ಗಾಡಿ ಇರುವವರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಚಾಸಿಸ್ ನಂಬರ್ ತಗೊಂಡು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಗಾಡಿಯ ಸರ್ವಿಸ್ ಹಿಸ್ಟರಿ ವಿಚಾರಿಸಿ. ಓನರ್ ಕಡೆಯಿಂದಲೇ ಕೇಳಿಸಿದರೆ ಬೇಗ ಸಿಗುತ್ತದೆ. ನಮ್ಮ ಕಡೆಯ ಇಂಥ ಗಾಡಿಗಳು ಸರ್ವಿಸ್‌ಗೆ ಹೆಚ್ಚಾಗಿ ಬೆಂಗಳೂರು ಇಲ್ಲವೇ ಹೈದರಾಬಾದ್‌ಗೆ ಹೋಗುತ್ತವೆ. ಅಷ್ಟು ದೂರ ಅಂತ ಎಷ್ಟೋ ಜನ ಆಯಿಲ್ ಚೇಂಜನ್ನು ಮುಂದೂಡುತ್ತಾರೆ. ಎರಡು ಸರ್ವಿಸ್ ನಡುವೆ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್ ಹೋಗಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಟರ್ಬೋ ಇಂಜಿನ್‌ಗೆ ತಡವಾದ ಆಯಿಲ್ ಚೇಂಜ್‌ಗಿಂತ ದೊಡ್ಡ ಶತ್ರು ಇಲ್ಲ.

ತಣ್ಣನೆ ಇಂಜಿನ್, ಮೊದಲ ಅರ್ಧ ನಿಮಿಷ

ಮುಂಜಾನೆ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅವತ್ತು ಟೀ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಇದರಲ್ಲಿ ದಾಕ್ಷಿಣ್ಯ ಬೇಡ. ಸವೆದ ಇಂಜಿನ್ ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದುಗಳು ಮುಚ್ಚಿಕೊಳ್ಳುತ್ತವೆ, ಆಯಿಲ್ ಎಲ್ಲ ಕಡೆ ಸೇರುತ್ತದೆ, ಅರ್ಧ ರೋಗ ಕಿವಿಗೆ ಕೇಳದ ಹಾಗೆ ಆಗಿಬಿಡುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿ. ಆಯಿಲ್ ಕನಿಷ್ಠ ಗೀಟಿಗಿಂತ ಕೆಳಗಿದ್ದರೆ ಆ ಓನರ್ ಗಾಡಿ ನೋಡಿಕೊಂಡ ರೀತಿ ಅಲ್ಲೇ ಗೊತ್ತಾಯಿತು. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಾಕಿ ಮೆಲ್ಲಗೆ ಉಜ್ಜಿ. ಕಪ್ಪಗಿದ್ದರೆ ಪರವಾಗಿಲ್ಲ, ಓಡಿದ ಆಯಿಲ್ ಕಪ್ಪಾಗುತ್ತದೆ. ತರಿತರಿ ಹತ್ತಬಾರದು, ಸುಟ್ಟ ವಾಸನೆ ಬರಬಾರದು, ಬಿಸಿಲಿಗೆ ಹಿಡಿದಾಗ ಬೆರಳ ಮೇಲೆ ಸಣ್ಣ ಮಿಣಮಿಣ ಪುಡಿ ಹೊಳೆಯಬಾರದು. ಹೊಳೆದರೆ ಅದು ಬೇರಿಂಗ್ ಲೋಹ, ಮುಂದಿನ ಮಾತೇ ಬೇಡ. ಆಯಿಲ್ ಜೇನಿನ ಬಣ್ಣದಲ್ಲಿ ತೀರಾ ಹೊಸದಾಗಿದ್ದರೆ "ಯಾವಾಗ ಹಾಕಿಸಿದ್ರಿ, ಬಿಲ್ ಐತಾ?" ಅಂತ ಕೇಳಿ. ಮಾರುವ ಹಿಂದಿನ ದಿನ ಆಯಿಲ್ ಬದಲಿಸುವುದೂ ಒಂದು ಚಾಲಾಕಿ. ಈಗಿನ ಎಷ್ಟೋ ಜರ್ಮನ್ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಇರುವುದಿಲ್ಲ, ಡ್ಯಾಶ್‌ಬೋರ್ಡ್ ಸ್ಕ್ರೀನಿನಲ್ಲೇ ಮಟ್ಟ ನೋಡಬೇಕು.

ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಒಳಮೈ ನೋಡಿ. ಬರೀ ಊರೊಳಗೆ ಓಡಿಸಿದ ಗಾಡಿಯಾದರೆ ತೇವದಿಂದ ಮುಚ್ಚಳದ ಒಳಗೆ ಸ್ವಲ್ಪ ಬೆಳ್ಳಗೆ ಕೂತಿರಬಹುದು. ಡಿಪ್‌ಸ್ಟಿಕ್ಕಿಗೂ ಹಾಲು ಕಲಸಿದ ಹಾಗಿನ ಆಯಿಲ್ ಅಂಟಿದ್ದರೆ ಮಾತ್ರ ಕೂಲಂಟ್ ಆಯಿಲ್‌ಗೆ ಸೇರಿದೆ ಅಂತ ಅರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆಯಿಲ್ ಕೂಲರ್ ಒಡೆದಿರಬಹುದು. ರೇಡಿಯೇಟರ್ ಟ್ಯಾಂಕಿನ ಮುಚ್ಚಳವನ್ನೂ ಇದೇ ಹೊತ್ತಿಗೆ ತೆಗೆದು ನೋಡಿ, ಬಿಸಿಯಾದ ಮೇಲೆ ಅದನ್ನು ಮುಟ್ಟಲೇಬೇಡಿ. ಒಳಗೆ ಬಣ್ಣದ ಕೂಲಂಟ್ ಇರಬೇಕು. ತುಕ್ಕು ನೀರು ಅಥವಾ ಬಿಳಿ ಪೊರೆ ಕಂಡರೆ ಬೋರ್‌ವೆಲ್ ನೀರು ಸುರಿದಿದ್ದಾರೆ ಅಂತ ತಿಳಿಯಿರಿ. ನಮ್ಮ ಕಡೆಯ ಗಡಸು ನೀರು ರೇಡಿಯೇಟರ್ ಮತ್ತು ಇಂಜಿನ್ ಒಳದಾರಿಗಳಲ್ಲಿ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದೆ, ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದಾಗ ಅದರ ಫಲ ಕಾಣುತ್ತದೆ.

ಈಗ ಸ್ಟಾರ್ಟ್ ಮಾಡಿಸಿ. ನೀವು ಒಳಗೆ ಕೂರಬೇಡಿ, ಓನರ್ ಕೂರಲಿ. ಜೊತೆಗೆ ಬಂದವರು ಸೈಲೆನ್ಸರ್ ಹಿಂದೆ ನಿಲ್ಲಲಿ, ನೀವು ಬಾನೆಟ್ ಹತ್ತಿರ ಕಿವಿ ಕೊಟ್ಟು ನಿಲ್ಲಿ. ಫೋನಿನಲ್ಲಿ ವಿಡಿಯೋ ಮಾಡಿಕೊಂಡರೆ ಆಮೇಲೆ ಗೊತ್ತಿರುವ ಮೆಕ್ಯಾನಿಕ್‌ಗೆ ಕೇಳಿಸಬಹುದು. ಕೀ ತಿರುಗಿದ ಕೂಡಲೇ ಒಂದು ಸೆಕೆಂಡ್ ಸಣ್ಣ ಟಿಕ್ ಟಿಕ್ ಬಂದು ನಿಂತರೆ ತೊಂದರೆ ಇಲ್ಲ, ವಾಲ್ವ್ ಎತ್ತುವ ಲಿಫ್ಟರ್‌ಗೆ ಆಯಿಲ್ ತುಂಬುವ ಸದ್ದು ಅದು. ಸರಪಳಿ ಎಳೆದ ಹಾಗೆ ಗರಗರ ಅಂತ ಎರಡು ಮೂರು ಸೆಕೆಂಡ್ ಬಂದರೆ ಟೈಮಿಂಗ್ ಚೈನ್ ಸಡಿಲಾಗಿದೆ. ತಳದಿಂದ ಟಕ್ ಟಕ್ ಅಂತ ದಪ್ಪ ಸದ್ದು ಬಂದು, ರೇಸ್ ಕೊಟ್ಟಾಗ ಜಾಸ್ತಿಯಾದರೆ ಅದು ರಾಡ್ ಬೇರಿಂಗ್. ಇನ್ನೊಂದು ವಿಷಯ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಸೀದಾ ಸಿಲಿಂಡರ್ ಒಳಗೆ ಸಿಂಪಡಿಸುವ) ಗಾಡಿಗಳಲ್ಲಿ ಇಂಜೆಕ್ಟರ್ ಸದ್ದು ಯಾವಾಗಲೂ ಚಿಟಚಿಟ ಅನ್ನುತ್ತಲೇ ಇರುತ್ತದೆ, ಅದಕ್ಕೆ ಹೆದರಿ ಒಳ್ಳೆ ಗಾಡಿ ಬಿಡಬೇಡಿ.

ಹೊಗೆ ವಿಷಯಕ್ಕೆ ಬಂದರೆ, ಸ್ಟಾರ್ಟ್ ಆದ ತಕ್ಷಣ ಒಮ್ಮೆ ನೀಲಿ ಹೊಗೆ ಬಿಟ್ಟು ನಿಂತರೆ ವಾಲ್ವ್ ಸೀಲಿನಿಂದ ರಾತ್ರಿಯಿಡೀ ಆಯಿಲ್ ಇಳಿದಿದೆ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಟರ್ಬೋ. ಚಳಿಗಾಲದ ಬೆಳಗ್ಗೆ ತೆಳು ಬಿಳಿ ಹಬೆ ಸಹಜ, ನಾಲ್ಕೈದು ನಿಮಿಷಕ್ಕೆ ಮಾಯವಾಗಬೇಕು. ಬೇಸಿಗೆಯಲ್ಲೂ ದಟ್ಟ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ ಇದ್ದರೆ ಕೂಲಂಟ್ ಉರಿಯುತ್ತಿದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಸೆನ್ಸರ್ ಅಥವಾ ಇಂಜೆಕ್ಟರ್ ಕೆಲಸವಾದರೆ ಸರಿ ಮಾಡಿಸಬಹುದು, ಆದರೆ ವರ್ಷಗಟ್ಟಲೆ ಹಾಗೇ ಓಡಿಸಿದ್ದರೆ ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಹಾಕಿರುತ್ತದೆ.

ಕೆಂಪು ಗೆರೆ

ಇದು ನಮ್ಮ ಜಿಲ್ಲೆಗೇ ಸಂಬಂಧಿಸಿದ ಪರೀಕ್ಷೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಇಂಜಿನ್ ಆಫ್ ಮಾಡಿಸಿ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ. ಫಿಲ್ಟರ್ ಕೊಳಕಾಗಿರುವುದು ದೊಡ್ಡ ವಿಷಯವಲ್ಲ, ಅದು ಇರುವುದೇ ಅದಕ್ಕೆ. ನೋಡಬೇಕಾದ್ದು ಫಿಲ್ಟರ್ ದಾಟಿದ ಮೇಲಿನ ಜಾಗ. ಬಿಳಿ ಬಟ್ಟೆ ಬೆರಳಿಗೆ ಸುತ್ತಿ, ಫಿಲ್ಟರ್ ಆಚೆ ಬದಿಯ ಪೈಪಿನ ಒಳಗೆ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆಯಿರಿ. ಬಟ್ಟೆ ಸ್ವಚ್ಛ ಇದ್ದರೆ ಒಳ್ಳೆಯದು. ಟರ್ಬೋ ಗಾಡಿಯಲ್ಲಿ ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಆವಿ ಹೊರಬಿಡುವ ಪೈಪು) ಬಂದ ಸ್ವಲ್ಪ ಆಯಿಲ್ ಪಸೆ ಇದ್ದರೂ ನಡೆಯುತ್ತದೆ. ಬಟ್ಟೆ ಮೇಲೆ ಕೆಂಪು ಗೆರೆ ಮೂಡಿದರೆ ಅದಿರಿನ ಧೂಳು ಸೀದಾ ಸಿಲಿಂಡರ್‌ಗೆ ಹೋಗಿದೆ. ಫಿಲ್ಟರ್‌ನ ರಬ್ಬರ್ ಅಂಚು ಸರಿ ಕೂತಿಲ್ಲ, ಅಥವಾ ಪೈಪ್ ಎಲ್ಲೋ ಸೀಳಿದೆ, ಅಥವಾ ಯಾರೋ ಸದ್ದು ಚೆನ್ನಾಗಿ ಬರಲಿ ಅಂತ ತೆರೆದ ಕೋನ್ ಫಿಲ್ಟರ್ ಹಾಕಿಸಿದ್ದಾರೆ.

ತೋರಣಗಲ್ಲು, ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ ತೆರೆದ ಫಿಲ್ಟರ್ ಹಾಕುವುದು ಇಂಜಿನ್‌ಗೆ ಮರಳುಕಾಗದ ಹಚ್ಚಿದ ಹಾಗೆ. ಧೂಳಿನಲ್ಲಿರುವ ಗಟ್ಟಿ ಕಣಗಳು ರಿಂಗಿಗೂ ಗೋಡೆಗೂ ನಡುವೆ ಸಿಕ್ಕಿ ಎರಡನ್ನೂ ತಿನ್ನುತ್ತವೆ, ಟರ್ಬೋದ ಗಾಳಿ ಎಳೆಯುವ ಚಕ್ರದ ಅಲಗುಗಳ ತುದಿಯನ್ನೂ ಸವೆಸುತ್ತವೆ. ಸಾಧ್ಯವಾದರೆ ಪೈಪ್ ಬಿಚ್ಚಿ ಟಾರ್ಚ್ ಹಾಕಿ ಆ ಅಲಗುಗಳನ್ನು ನೋಡಿ. ತುದಿಗಳು ಮೊಂಡಾಗಿರಬಾರದು. ಬೆರಳಿನಿಂದ ಚಕ್ರವನ್ನು ಅಲುಗಿಸಿದಾಗ ಪಕ್ಕಕ್ಕೆ ಕೂದಲೆಳೆಯಷ್ಟು ಆಡಬಹುದು, ಹೌಸಿಂಗ್‌ಗೆ ತಾಗಬಾರದು. ಮುಂದಕ್ಕೂ ಹಿಂದಕ್ಕೂ ಆಡಲೇಬಾರದು.

ಇನ್ನೂ ಅನುಮಾನ ಇದ್ದರೆ ಆಯಿಲ್ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿ. ಗಣಿಯಲ್ಲಿ ಡಂಪರ್, ಎಕ್ಸ್‌ಕವೇಟರ್ ನೋಡಿಕೊಳ್ಳುವವರಿಗೆ ಇದು ಮಾಮೂಲಿ ಕೆಲಸ, ಪರಿಚಯದವರಿದ್ದರೆ ಅವರನ್ನೇ ವಿಚಾರಿಸಿ. ರಿಪೋರ್ಟಿನಲ್ಲಿ ಸಿಲಿಕಾನ್ ಜಾಸ್ತಿ ಬಂದು ಜೊತೆಗೆ ಕಬ್ಬಿಣ, ಅಲ್ಯುಮಿನಿಯಂ ಏರಿದ್ದರೆ ಧೂಳು ಒಳಗೆ ಹೋಗಿ ಸವೆತ ನಡೆದಿದೆ. ತಾಮ್ರ, ಸೀಸ ಏರಿದ್ದರೆ ಬೇರಿಂಗ್. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲಂಟ್ ಸೋರಿಕೆ. ಸ್ಯಾಂಪಲ್ ತೆಗೆಯುವಾಗ ಆಯಿಲ್ ಹಾಕಿ ಸಾಕಷ್ಟು ಕಿಲೋಮೀಟರ್ ಓಡಿರಬೇಕು, ನಿನ್ನೆ ಹಾಕಿದ ಆಯಿಲ್ ಏನೂ ಹೇಳುವುದಿಲ್ಲ.

ರಸ್ತೆಗೆ ಇಳಿಸಿ

ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಮೆಲ್ಲಗೆ ಓಡಿಸಿ. ನೀರಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ತಣ್ಣನೆ ಇಂಜಿನ್‌ಗೆ ಓನರೇ ಫುಲ್ ರೇಸ್ ಕೊಟ್ಟು "ಪಿಕಪ್ ನೋಡ್ರಿ" ಅಂದರೆ, ಅವರು ಇಷ್ಟು ವರ್ಷ ಗಾಡಿ ಓಡಿಸಿದ್ದು ಹೇಗೆ ಅಂತ ಅವರೇ ಹೇಳಿದ ಹಾಗಾಯಿತು.

ಬಳ್ಳಾರಿಯಿಂದ ಹೊಸಪೇಟೆ ಹೈವೇಗೆ ಹೋಗಿ. ಕುಡುತಿನಿ ಮುಟ್ಟುವ ಹೊತ್ತಿಗೆ ಇಂಜಿನ್ ಸರಿಯಾಗಿ ಬಿಸಿಯಾಗಿರುತ್ತದೆ. ಖಾಲಿ ರಸ್ತೆ ಸಿಕ್ಕಾಗ ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಪೂರ್ತಿ ಆಕ್ಸಲರೇಟರ್ ಒತ್ತಿ, ವೇಗದ ಮಿತಿ ನೋಡಿಕೊಂಡು ಎಷ್ಟು ಆಗುತ್ತದೋ ಅಷ್ಟು ಎಳೆಯಿರಿ. ಎಳೆತ ಒಂದೇ ಸಮ ಇರಬೇಕು. ನಡುವೆ ತಡವರಿಸಿದರೆ, ಜರ್ಕ್ ಹೊಡೆದರೆ ಪ್ಲಗ್, ಕಾಯಿಲ್, ಗಾಡಿಯೊಳಗಿನ ಪೆಟ್ರೋಲ್ ಪಂಪ್ ಅಥವಾ ಬೂಸ್ಟ್ (ಟರ್ಬೋ ತುಂಬುವ ಗಾಳಿ) ಸೋರಿಕೆ. ಎಳೆಯುವಾಗ ಗೋಲಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಸದ್ದು ಬಂದರೆ ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಉರಿಯುತ್ತಿದೆ. 95 ಅಥವಾ 98 ಆಕ್ಟೇನ್ (ಪೆಟ್ರೋಲ್ ನಾಕಿಂಗ್ ತಡೆಯುವ ಅಳತೆ) ಕೇಳುವ ಇಂಜಿನ್‌ಗೆ ವರ್ಷಗಟ್ಟಲೆ 91ರ ಪೆಟ್ರೋಲ್ ಹಾಕಿದವರಿದ್ದಾರೆ, ಯಾವ ಪೆಟ್ರೋಲ್ ಹಾಕಿಸುತ್ತಿದ್ದಿರಿ ಅಂತ ಕೇಳಲೇಬೇಕು. ಆಮೇಲೆ ಎರಡನೇ ಗೇರಿನಲ್ಲಿ ಆಕ್ಸಲರೇಟರ್ ಪೂರ್ತಿ ಬಿಟ್ಟು ಗಾಡಿ ತಾನೇ ನಿಧಾನವಾಗಲು ಬಿಡಿ, ಮತ್ತೆ ಒತ್ತಿ, ಕನ್ನಡಿಯಲ್ಲಿ ಹಿಂದೆ ನೋಡಿ. ಒತ್ತಿದ ಕ್ಷಣ ನೀಲಿ ಮೋಡ ಎದ್ದರೆ ವಾಲ್ವ್ ಗೈಡ್ ಸವೆದಿದೆ.

ವಾಪಸ್ ಬಂದು ಎಸಿ ಹಾಕಿ ಗಾಡಿಯನ್ನು ಬಿಸಿಲಿನಲ್ಲೇ ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ನಿಲ್ಲಿಸಿ. ನಮ್ಮ ಬಿಸಿಲು ಇಲ್ಲಿ ನಮಗೆ ಸಹಾಯಕ್ಕೆ ಬರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನಂಬಬೇಡಿ, ಎಷ್ಟೋ ಕಾರುಗಳಲ್ಲಿ ನಿಜವಾದ ಉಷ್ಣತೆ ಏರಿಳಿದರೂ ಅದು ಮಧ್ಯದಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಓಬಿಡಿ ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸಿ ಓದುವ ಸಾಧನ) ಡಿಗ್ರಿ ನೋಡಿ. ಫ್ಯಾನ್ ಬಂದು ಉಷ್ಣತೆ ಇಳಿಯಬೇಕು. ಏರುತ್ತಲೇ ಹೋದರೆ ರೇಡಿಯೇಟರ್ ಕಟ್ಟಿದೆ ಅಥವಾ ಫ್ಯಾನ್, ವಾಟರ್ ಪಂಪ್ ಸೋತಿದೆ. ಈ ಬಿಸಿಯಲ್ಲೇ ಆಯಿಲ್ ಪ್ರೆಷರ್ ದೀಪ ಮಿಣುಕಿದರೆ ಅಲ್ಲಿಗೇ ನಮಸ್ಕಾರ ಹೇಳಿ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ನೋಡಿ. ಐಡ್ಲಿಂಗ್ ಸ್ವಲ್ಪ ಬದಲಾಗುವುದು ಸಹಜ. ಒಳಗಿಂದ ಹೊಗೆ ಒತ್ತಿ ಒತ್ತಿ ಬರುತ್ತಿದ್ದರೆ ರಿಂಗ್ ಹೋಗಿದೆ. ಮುಚ್ಚಳ ತೆಗೆಯಲಾಗದಷ್ಟು ಒಳಕ್ಕೆ ಎಳೆದು ಸಿಳ್ಳೆ ಹೊಡೆದರೆ ಬ್ರೀದರ್ ವಾಲ್ವಿನ ರಬ್ಬರ್ ಹರಿದಿದೆ, ಅದು ಸಣ್ಣ ಕೆಲಸ. ಕೊನೆಗೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಇಂಜಿನ್ ಒಂದೇ ಸಲಕ್ಕೆ ಹತ್ತಬೇಕು.

ಸ್ಕ್ಯಾನರ್ ಮತ್ತು ಕಂಪ್ರೆಷನ್

ಇಲ್ಲಿ ತನಕ ಗಾಡಿ ಪಾಸಾಗಿದ್ದರೆ ಮಾತ್ರ ದುಡ್ಡು ಖರ್ಚು ಮಾಡಿ. ಓಬಿಡಿ ಸ್ಕ್ಯಾನರ್ ಹಾಕಿದಾಗ ಎರರ್ ಕೋಡ್ ಏನೂ ಇಲ್ಲ ಅಂದರೆ ಅಷ್ಟಕ್ಕೇ ಸಮಾಧಾನ ಬೇಡ. ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನೇ ಪರೀಕ್ಷಿಸಿಕೊಂಡ ಪಟ್ಟಿ) ನೋಡಿ. ಅವು ಇನ್ನೂ ಪೂರ್ತಿಯಾಗಿಲ್ಲ ಅಂತ ತೋರಿಸಿದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) 10 ಪರ್ಸೆಂಟ್ ಒಳಗೆ ಇರಬೇಕು, ಪ್ಲಸ್ ಕಡೆ ಜಾಸ್ತಿ ಇದ್ದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಪೋರ್ಷೆ ಆದರೆ ಓವರ್‌ರೆವ್ ರಿಪೋರ್ಟ್ ತೆಗೆಸಿ, ತಪ್ಪು ಗೇರಿಗೆ ಇಳಿಸಿ ಇಂಜಿನ್ ಮಿತಿ ದಾಟಿಸಿದ್ದು ಅದರ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತದೆ. ರೀಮ್ಯಾಪ್ ಮಾಡಿಸಿದ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿದ) ಗಾಡಿಯಾದರೆ ಯಾರು ಮಾಡಿದ್ದು, ಕಂಪನಿಯ ಮೂಲ ಪ್ರೋಗ್ರಾಂ (ಸ್ಟಾಕ್ ಫೈಲ್) ಇದೆಯಾ ಕೇಳಿ. ರೀಮ್ಯಾಪ್ ಆಗಿದೆ ಅಂದ ಮಾತ್ರಕ್ಕೆ ಕೆಟ್ಟ ಗಾಡಿ ಆಗುವುದಿಲ್ಲ, ಮುಚ್ಚಿಟ್ಟರೆ ಮಾತ್ರ ನಾನು ಮುಂದುವರಿಯುವುದಿಲ್ಲ.

ಕಂಪ್ರೆಷನ್ ಟೆಸ್ಟ್‌ನಲ್ಲಿ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಒತ್ತುತ್ತದೆ ಅನ್ನುವ ಪರೀಕ್ಷೆ) ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. 10 ಪರ್ಸೆಂಟ್ ಒಳಗಿದ್ದರೆ ನೆಮ್ಮದಿ. ಒಂದು ಸಿಲಿಂಡರ್ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿಸಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಅಂತ ನೋಡುವುದು) ಮಾಡುವ ಸಾಮಾನು ಇರುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾಳಿ ಆಯಿಲ್ ಮುಚ್ಚಳದಿಂದ ಬಂದರೆ ರಿಂಗ್, ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. 20 ಪರ್ಸೆಂಟ್ ಮೀರಿ ಸೋರಿದರೆ ಬೇಡ. ಪ್ಲಗ್ ಬಿಚ್ಚಿದ್ದಾಗಲೇ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆ ನೋಡಿ. ಗೋಡೆಯ ಮೇಲೆ ಕಂಪನಿಯಲ್ಲಿ ಹಾಕಿದ ಅಡ್ಡಡ್ಡ ಗೆರೆಗಳು ಕಂಡರೆ ಚೆನ್ನಾಗಿದೆ, ಮೇಲಿಂದ ಕೆಳಗೆ ಉದ್ದ ಗೀರು ಕಂಡರೆ ಬಿಟ್ಟುಬಿಡಿ.

ಹೊರರಾಜ್ಯದ ಅಥವಾ ಬೆಂಗಳೂರಿನ ಗಾಡಿಯಾದರೆ ಪ್ರವಾಹದ ವಿಷಯ ನೆನಪಿರಲಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಕೆಲವು ಬಡಾವಣೆಗಳು ಮುಳುಗಿದ್ದವು. ನೀರು ಕುಡಿದ ಇಂಜಿನ್‌ನಲ್ಲಿ ಕನೆಕ್ಟಿಂಗ್ ರಾಡ್ ಸ್ವಲ್ಪ ಬಾಗಿದ್ದರೂ ಗಾಡಿ ಓಡುತ್ತಿರುತ್ತದೆ, ಒಂದು ಸಿಲಿಂಡರ್ ಕಂಪ್ರೆಷನ್ ಮಾತ್ರ ಕಡಿಮೆ ಬರುತ್ತದೆ. ಸೀಟಿನ ಕೆಳಗಿನ ಹಳಿಯಲ್ಲಿ ಮಣ್ಣು ಕೂತಿದೆಯಾ, ಇನ್ಶೂರೆನ್ಸ್ ಕ್ಲೈಮ್ ಆಗಿದೆಯಾ ಎರಡನ್ನೂ ನೋಡಿ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಇಂಜಿನ್ ಮೇಲಿನ ನಂಬರ್ ಹೊಂದಬೇಕು. 15 ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ರಿನ್ಯೂವಲ್ ಆಗಿರಬೇಕು.

ಎಲ್ಲ ಮುಗಿದ ಮೇಲೆ ಸಿಕ್ಕ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದೊಂದಕ್ಕೂ ಗ್ಯಾರೇಜಿನಿಂದ ಎಸ್ಟಿಮೇಟ್ ತಗೊಂಡು, ಆ ಹಾಳೆ ಇಟ್ಟುಕೊಂಡೇ ರೇಟ್ ಮಾತಾಡಿ. ಪ್ಲಗ್, ಕಾಯಿಲ್, ಬ್ರೀದರ್, ವಾಟರ್ ಪಂಪ್ ಇವಕ್ಕೆ ದುಡ್ಡು ಕಳೆದು ತಗೊಳ್ಳಬಹುದು. ರಿಂಗ್, ಬೇರಿಂಗ್, ಸಿಲಿಂಡರ್ ಗೀರು ಇದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ನಾನು ಬೇಡ ಅನ್ನುತ್ತೇನೆ. ತಗೊಂಡ ಮೇಲೆ ಮನೆಗೆ ತಂದ ವಾರದಲ್ಲೇ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಕೂಲಂಟ್ ಬದಲಿಸಿ. ಹಳೆ ಆಯಿಲ್ ಫಿಲ್ಟರ್ ಕತ್ತರಿಸಿ ಅದರ ಮಡಿಕೆಗಳಲ್ಲಿ ಲೋಹದ ಚೂರು ಇದೆಯಾ ನೋಡಿ. ಏರ್ ಫಿಲ್ಟರ್‌ಗೆ ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಹೊಸದು ಹಾಕಿ, ಹಾಕಿದ ದಿನವೇ ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ ಅಂತ ನೀವೇ ಕೈಯಾಡಿಸಿ ನೋಡಿಕೊಳ್ಳಿ.